ಶ್ರೀಯಾಳ ಕಿಟಕಿಯ ಗಾಡಿಗಳು

ಮೈಲಾಪೂರ್, ಚೆನ್ನೈ
ಗುರುವಾರ, ೧೨ ಆಗಸ್ಟ್ ೨೦೨೧

ಪ್ರೀತಿಯ ಕೌಸಲ್ಯಾ ಟೀಚರ್ ಅವರಿಗೆ,

ಶ್ರೀಯಾಳ ಅಜ್ಜಿ ಸುಮತಿಯ ನಮಸ್ಕಾರ. ವಯಸ್ಸಿನಲ್ಲಿ ನೀವು ನನ್ನ ಸೊಸೆಯ ಓರಗೆಯವರು, ಆಶೀರ್ವಾದ ಎಂದು ಶುರು ಮಾಡುವುದೇ ವಾಡಿಕೆ. ಆದರೆ ಈ ಕಾಗದ ಬರೆಯುತ್ತಿರುವುದು ತಪ್ಪೊಪ್ಪಿಕೊಳ್ಳುವುದಕ್ಕೆ. ಹಾಗಾಗಿ ಈ ಸಲಕ್ಕೆ ನಮಸ್ಕಾರವೇ ಇರಲಿ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದು ನೀವು ಅಂದುಕೊಳ್ಳಬಹುದು. ಕ್ಲಾಸಿನ ಮೆಸೇಜುಗಳು ಬರುವುದು ಸೊಸೆ ಪ್ರೇರಣಾಳ ಫೋನಿಗೆ. ನಾನು ಅದನ್ನು ಮುಟ್ಟಿದರೆ ಏನು ಎಲ್ಲಿಗೆ ಹೋಗುತ್ತದೆಂದು ಹೇಳುವಂತಿಲ್ಲ. ಜೂನ್‌ನಲ್ಲಿ ಹಾಲಿನವನಿಗೆ ಕಳಿಸಿದ ಮೆಸೇಜು ಮೂವತ್ತೆರಡು ಮನೆಗಳ ಗುಂಪಿಗೆ ಹೋಗಿ, ನಾಳೆ ಎರಡು ಪ್ಯಾಕೆಟ್ ಸಾಕು ಎಂದು ನಿಮಗೂ ಬಂದಿತ್ತಲ್ಲ. ನೀವು ಕೈ ಮುಗಿಯುವ ಚಿತ್ರ ಕಳಿಸಿದಿರಿ, ಪಾಪ. ನೀವು ಮಕ್ಕಳಿಗೆ ಬಹುಮಾನದ ಕಾಗದದ ನಕ್ಷತ್ರ ಇಟ್ಟು ಅಂಚೆಯಲ್ಲಿ ಕಳಿಸುವ ಲಕೋಟೆಯ ಹಿಂದೆ ಮಂದವೆಲಿಯ ವಿಳಾಸ ಇರುತ್ತದೆ. ಇದನ್ನು ನಮ್ಮ ಮನೆಯವರೇ, ಶ್ರೀಯಾಳ ತಾತ, ತಂದು ಕೊಡುತ್ತಾರೆ. ಮಾಸ್ಕ್ ಹಾಕಿಕೊಂಡಿರುತ್ತಾರೆ, ಒಳಗೆ ಬರುವುದಿಲ್ಲ, ಕಾಫಿ ಗೀಫಿ ಎಂದು ನೀವು ತೊಂದರೆ ತೆಗೆದುಕೊಳ್ಳಬೇಡಿ.

ಕನ್ನಡದಲ್ಲಿ ಬರೆಯಲು ಧೈರ್ಯ ಬಂದದ್ದು ನಿಮ್ಮಿಂದಲೇ. ಮೊದಲ ದಿನದ ಕ್ಲಾಸಿನಲ್ಲಿ ನಾನು ಪರದೆಯ ಆಚೆ ಕೂತು, ನೆಟ್ಟಗೆ ಕೂತ್ಕೊಳ್ಳೇ ಎಂದು ಶ್ರೀಯಾಳನ್ನು ಗದರಿದ್ದು ನಿಮಗೆ ಕೇಳಿಸಿತು. ನೀವು ನಕ್ಕು, ಕನ್ನಡದವರಾ, ನಮ್ಮದು ಚಾಮರಾಜನಗರದ ಕಡೆ ಅಂದಿರಿ. ಅವತ್ತಿನಿಂದ ನೀವು ನಮ್ಮವರೇ ಎಂದು ಲೆಕ್ಕ ಹಾಕಿಕೊಂಡಿದ್ದೇನೆ. ನಮ್ಮ ಹುಡುಗಿಗೋ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿ ತೆರೆದರೆ ಮಾತ್ರ ತಮಿಳು.

ನಮ್ಮ ಮನೆಯ ವ್ಯವಸ್ಥೆ ನಿಮಗೆ ಸ್ವಲ್ಪ ತಿಳಿದಿದ್ದರೆ ಮುಂದಿನದು ಸುಲಭ. ಮಗ ಪ್ರಮೋದ್ ಒಂದು ಕೋಣೆಯಲ್ಲಿ, ಪ್ರೇರಣಾ ಇನ್ನೊಂದರಲ್ಲಿ. ಬೆಳಿಗ್ಗೆ ಬಾಗಿಲು ಹಾಕಿಕೊಂಡರೆ ಇಬ್ಬರಿಗೂ ಅದೇ ಆಫೀಸು. ಹಾಲ್‌ನ ಊಟದ ಮೇಜು ಶ್ರೀಯಾಳ ಎರಡನೇ ಕ್ಲಾಸು, ಅದರ ಮೇಲ್ವಿಚಾರಕಿ ನಾನು. ಆ ಮೇಜಿನ ಪಕ್ಕದ ದೊಡ್ಡ ಕಿಟಕಿಯಿಂದ ಪರಕ್ಕುಂ ರೈಲಿನ, ಅಂದರೆ ಇಲ್ಲಿಯ ಹಾರುವ ರೈಲಿನ, ದಾರಿ ಕಾಣುತ್ತದೆ. ಕಂಬಗಳ ಮೇಲೆ ಹೋಗುವ ಆ ಗಾಡಿ ನಮ್ಮ ಮೂರನೇ ಮಹಡಿಯ ಕಣ್ಣಿಗೆ ಸರಿಯಾಗಿ ಎದುರಾಗುತ್ತದೆ.

ನಾನು ರೈಲ್ವೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು, ಮೂರು ವರ್ಷದ ಹಿಂದೆ ನಿವೃತ್ತಳಾದವಳು. ಗಾಡಿಗಳ ಟೈಂಟೇಬಲ್ ಅಚ್ಚಿಗೆ ಹೋಗುವ ಮೊದಲು ತಪ್ಪು ಹುಡುಕುವುದು ನನ್ನ ಕೆಲಸ. ವಿಷ್ಣುತೀರ್ಥ ಎಂಬ ಸಹೋದ್ಯೋಗಿ ಹೊತ್ತುಗಳನ್ನು ಗಟ್ಟಿಯಾಗಿ ಓದುತ್ತಿದ್ದರು, ನಾನು ಸಾಲಿನ ಕೆಳಗೆ ಸ್ಕೇಲ್ ಇಟ್ಟುಕೊಂಡು ಒಂದೊಂದಾಗಿ ನೋಡುತ್ತಿದ್ದೆ. ಎಂಟು ನಾಲ್ಕು, ಎಂಟು ಹತ್ತೊಂಬತ್ತು, ಎಂಟು ಮೂವತ್ತಾರು. ಒಂದು ನಿಮಿಷ ಆಚೀಚೆ ಆದರೂ ಮೇಲಿನಿಂದ ಕರೆ ಬರುತ್ತಿತ್ತು. ತಪ್ಪಿಲ್ಲದೆ ಅಚ್ಚಾದ ವರ್ಷ ಯಾರೂ ಕರೆಯುತ್ತಿರಲಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಸುಮತಿ, ಚೆನ್ನಾಗಿ ಮಾಡಿದ್ದೀರಿ ಎಂದವರು ಒಬ್ಬರೂ ಇಲ್ಲ. ಇದನ್ನು ದೂರಲೆಂದು ಹೇಳುತ್ತಿಲ್ಲ ಟೀಚರ್, ಮುಂದೆ ನಾನು ಮಾಡಿದ ಕಿತಾಪತಿ ನಿಮಗೆ ಅರ್ಥವಾಗಲಿ ಎಂದು ಹೇಳುತ್ತಿದ್ದೇನೆ.

ನೀವು ಜೂನ್‌ನಲ್ಲೇ ಎಲ್ಲ ಮನೆಯವರಿಗೂ ಹೇಳಿದ್ದಿರಿ, ತಪ್ಪಿದ್ದರೂ ಪರವಾಗಿಲ್ಲ, ಮಗು ಮಾಡಿದ್ದನ್ನು ಮಗು ಮಾಡಿದ ಹಾಗೇ ಕಳಿಸಿ ಎಂದು. ಮಕ್ಕಳು ಒಬ್ಬರನ್ನೊಬ್ಬರು ನೋಡಿ ಒಂದೂವರೆ ವರ್ಷವಾಯಿತು, ಶನಿವಾರ ಹನ್ನೊಂದಕ್ಕೆ ಎಲ್ಲರ ಕೆಲಸವನ್ನೂ ಪರದೆಯ ಮೇಲೆ ತೋರಿಸಿ ಚಪ್ಪಾಳೆ ತಟ್ಟೋಣ ಎಂದಿರಿ. ಎಷ್ಟು ಒಳ್ಳೆಯ ಯೋಚನೆ ಎಂದು ನಾನೇ ಎಲ್ಲರ ಮುಂದೆ ಹೊಗಳಿದೆ. ಆಮೇಲೆ ಮೊದಲ ವಾರವೇ ಕೈ ಹಾಕಿದೆ.

ಮೊದಲ ವಾರ ಮಾಡಿದ್ದು ಸಣ್ಣದು. ಶ್ರೀಯಾ ಬರೆದ ಎಲೆಯ ಚಿತ್ರದ ಪಕ್ಕದಲ್ಲಿ ಬೆರಳಿನ ಮಸಿ ಇತ್ತು, ಅದನ್ನು ಒರೆಸಿದೆ. ಒರೆಸುವಾಗ ಎಲೆಯ ತುದಿಯೂ ಹೋಯಿತು, ತುದಿ ಬರೆದೆ. ತುದಿ ಚೆನ್ನಾಗಿ ಬಂತು, ಮಿಕ್ಕ ಎಲೆ ಸಪ್ಪಗೆ ಕಂಡಿತು. ಹೀಗೆ ಒಂದೊಂದಾಗಿ ಇಡೀ ಎಲೆ ನನ್ನದಾಯಿತು. ಆ ಶನಿವಾರ ನೀವು ಅದನ್ನು ತೋರಿಸಿ, ನರಗಳನ್ನು ಎಷ್ಟು ಗಮನಿಸಿ ಬರೆದಿದ್ದಾಳೆ ನೋಡಿ ಎಂದಿರಿ. ಮೂವತ್ತೆರಡು ಮನೆಗಳಿಂದ ಚಪ್ಪಾಳೆ ಬಂತು. ನಾನು ಮೇಜಿನ ಈಚೆ, ಕ್ಯಾಮೆರಾಕ್ಕೆ ಕಾಣದ ಕಡೆ ಕೂತಿದ್ದೆ. ಸುಳ್ಳು ಹೇಳಿ ಪ್ರಯೋಜನವಿಲ್ಲ, ಆ ಚಪ್ಪಾಳೆ ನನಗೇ ಬಂದದ್ದು ಎಂದುಕೊಂಡೆ. ನಾಲ್ಕು ದಿನ ಬಿಟ್ಟು ನಿಮ್ಮ ಲಕೋಟೆಯಲ್ಲಿ ಚಿನ್ನದ ಬಣ್ಣದ ಕಾಗದದ ನಕ್ಷತ್ರ ಬಂತು. ಅದನ್ನು ಫ್ರಿಜ್ ಮೇಲೆ ಅಂಟಿಸಿದ್ದೂ ನಾನೇ.

ಆಮೇಲೆ ಅಭ್ಯಾಸವಾಯಿತು. ಪ್ರೇರಣಾ ಫೋಟೋ ತೆಗೆಯಲು ಬರುವ ಮೊದಲು ನಾನು ಪುಸ್ತಕ ಎಳೆದುಕೊಂಡು ರಬ್ಬರ್ ಹಿಡಿಯುತ್ತಿದ್ದೆ. ಶ್ರೀಯಾಳ ಕೈಬರಹ ಅನುಕರಿಸಲು ಎಡಗೈಯಲ್ಲಿ ಬರೆದು ರೂಢಿ ಮಾಡಿಕೊಂಡೆ. ಅವಳ ನಾಲ್ಕಕ್ಕೆ ತಲೆ ತೆರೆದಿರುತ್ತದೆ, ಏಳಕ್ಕೆ ಸೊಂಟದಲ್ಲಿ ಒಂದು ಗೆರೆ. ಎಲ್ಲ ಕಲಿತೆ. ಪ್ರೇರಣಾಗೆ ಒಮ್ಮೆ ಅನುಮಾನ ಬಂದು, ಅತ್ತೆ, ಅವಳು ಬರ್ದಿದ್ದನ್ನ ಹಾಗೇ ಬಿಟ್ಬಿಡಿ ಎಂದಳು. ಬರೀ ಧೂಳು ಒರೆಸ್ದೆ ಕಣಮ್ಮ ಎಂದೆ. ನಮ್ಮ ಮನೆಯವರು ಮಾತ್ರ ಪೇಪರಿನ ಹಿಂದಿನಿಂದಲೇ, ಪರವಾಗಿಲ್ಲ, ಈ ವರ್ಷ ಎರಡನೇ ಕ್ಲಾಸು ಪಾಸಾಗ್ತೀಯ ಎಂದು ರೇಗಿಸಿದರು. ಬ್ಯಾಂಕಿನಲ್ಲಿ ಇದ್ದವರು, ಕೈಬರಹ ನೋಡಿದರೆ ಅವರಿಗೆ ಸುಳ್ಳು ಗೊತ್ತಾಗುತ್ತದೆ. ನನ್ನ ತಂಟೆಗೆ ಬರಬೇಡಿ ಎಂದು ಬಾಯಿ ಮುಚ್ಚಿಸಿದೆ.

ಶ್ರೀಯಾ ಏನೆನ್ನುತ್ತಿದ್ದಳು ಎಂದು ನೀವು ಕೇಳಬಹುದು. ಪಕ್ಕದಲ್ಲಿ ನಿಂತು ರಬ್ಬರಿನ ಪುಡಿಯನ್ನು ಬೆರಳಿನಿಂದ ಗುಡ್ಡೆ ಮಾಡುತ್ತಿದ್ದಳು. ಅವಳಿಗೂ ಖುಷಿಯೇ ಎಂದು ನಾನು ತಿಳಿದಿದ್ದೆ.

ಈಗ ನಿಮ್ಮ ಕಿಟಕಿ ಪಾಠಕ್ಕೆ ಬರುತ್ತೇನೆ. ಜುಲೈ ಕೊನೆಯ ವಾರ ನೀವು ಕೊಟ್ಟ ಕೆಲಸ ಅದು. ಮಕ್ಕಳು ಗಡಿಯಾರ ನೋಡಲು ಕಲಿತಿದ್ದಾರೆ, ದಿನಾ ಬೆಳಿಗ್ಗೆ ಕಿಟಕಿಯ ಹತ್ತಿರ ಕೂತು ಏನು ಕಾಣುತ್ತದೆ, ಎಷ್ಟು ಹೊತ್ತಿಗೆ ಕಾಣುತ್ತದೆ ಎಂದು ಬರೆಯಲಿ ಎಂದಿದ್ದಿರಿ. ಶ್ರೀಯಾ ಐದು ದಿನ ಬೆಳಿಗ್ಗೆ ಹಾಲು ಕುಡಿದವಳೇ ಕಿಟಕಿಯ ಕಟ್ಟೆ ಹತ್ತಿ ಕೂತಳು. ಕೂತಿದ್ದಾಳಲ್ಲ, ನನಗೂ ಅಡುಗೆಗೆ ಬಿಡುವು ಸಿಕ್ಕಿತಲ್ಲ ಎಂದು ನಾನು ಅತ್ತ ಹೋಗಲಿಲ್ಲ. ಶುಕ್ರವಾರ ಪುಸ್ತಕ ತೆಗೆದು ನೋಡಿದರೆ ವೇಲಚೇರಿ ಕಡೆ ಹೋಗುವ ಗಾಡಿಗಳ ಹೊತ್ತು ಬರೆದಿದ್ದಳು. ಎಂಟು ಹತ್ತು. ಎಂಟು ಐವತ್ತು. ಒಂಬತ್ತು ಮೂವತ್ತು. ಹತ್ತು ಹತ್ತು. ಹತ್ತು ಐವತ್ತು. ಹನ್ನೊಂದು ಮೂವತ್ತು. ಪಕ್ಕದಲ್ಲಿ ಏನೇನೋ ಚಿಕ್ಕ ಚಿಕ್ಕ ಮಾತುಗಳು.

ನನಗೆ ನಗು ಬಂತು. ಎಲ್ಲವೂ ಸೊನ್ನೆಯಲ್ಲೇ ಮುಗಿಯುತ್ತವೆ. ನಾನು ಕಂಡ ಯಾವ ಗಾಡಿಯೂ ಹೀಗೆ ಸೊನ್ನೆಗೇ ಬಂದದ್ದಿಲ್ಲ. ಹುಡುಗಿ ಎರಡು ಸಲ ನೋಡಿ ಮಿಕ್ಕದ್ದನ್ನು ಕಟ್ಟಿಕೊಂಡು ಬರೆದಿದ್ದಾಳೆ ಎಂದುಕೊಂಡೆ. ಈ ದಾರಿಯ ಹೊತ್ತುಗಳು ನನಗೆ ಬಾಯಿಪಾಠ. ಈಗ ಗಾಡಿ ಕಡಿಮೆ ಓಡುತ್ತವೆ ಎಂಬುದು ಗೊತ್ತಿತ್ತು. ಆದರೆ ಓಡುವ ಗಾಡಿಗಳು ಹಳೆಯ ಹೊತ್ತಿನಲ್ಲೇ ಓಡುತ್ತವೆ ಎಂದು ನನ್ನ ನಂಬಿಕೆ. ಕಿಟಕಿಯ ಕಡೆ ಒಂದು ಸಲ ಕತ್ತು ತಿರುಗಿಸಿ ನೋಡಿದ್ದರೆ ಸಾಕಿತ್ತು. ನೋಡಲಿಲ್ಲ. ರಬ್ಬರ್ ತೆಗೆದುಕೊಂಡು ಐದು ದಿನದ್ದೂ ಇದ್ದ ಆ ಒಂದು ಪುಟವನ್ನು ಉಜ್ಜಿ, ಎಂಟು ನಾಲ್ಕು, ಎಂಟು ಹತ್ತೊಂಬತ್ತು ಎಂದು ಎಡಗೈಯಲ್ಲಿ ತುಂಬಿಸಿದೆ. ಪಕ್ಕದ ಮಾತುಗಳನ್ನೂ ಅಳಿಸಿದೆ. ಟೈಂಟೇಬಲ್‌ನಲ್ಲಿ ಹೊತ್ತಿನ ಪಕ್ಕ ಕಥೆ ಬರೆಯುವ ಪದ್ಧತಿ ಇಲ್ಲ. ಆ ದಿನ ಮಾತ್ರ ಶ್ರೀಯಾ, ಅಜ್ಜಿ, ನಾನ್ ಪಾತ್ತೇನ್, ನಾನು ನೋಡಿದೆ ಎಂದಳು. ಗಡಿಯಾರದ ಮುಳ್ಳು ಅದಲು ಬದಲಾಗಿ ಓದಿದ್ದೀಯ ಪುಟ್ಟಿ ಎಂದೆ.

ಕಳೆದ ಶನಿವಾರ ನಡೆದದ್ದು ನಿಮ್ಮ ಕಣ್ಣೆದುರಿಗೇ ಆದದ್ದು, ಆದರೂ ನನ್ನ ಕಡೆಯಿಂದ ಬರೆಯಬೇಕು. ನೀವು ಮೊದಲು ಮೌನಳ ಪುಟ ತೋರಿಸಿದಿರಿ. ಅವಳ ಮನೆಯೂ ಇದೇ ರೈಲಿನ ದಾರಿಗೆ, ನಮ್ಮಿಂದ ಎರಡು ಬೀದಿ ಆಚೆ. ಅವಳೂ ಗಾಡಿಗಳನ್ನೇ ಬರೆದಿದ್ದಳು, ಡಬ್ಬಿಗಳಿಗೆ ನೀಲಿ ಬಣ್ಣ ತುಂಬಿ. ಆಮೇಲೆ ನಮ್ಮದು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಹೊತ್ತುಗಳು ಕೂಡಲಿಲ್ಲ. ನಿಮ್ಮ ಮುಖದಲ್ಲಿ ಕುತೂಹಲ ಬಂತು. ಒಂದೇ ಗಾಡಿ, ಎರಡು ಕಿಟಕಿ, ಹೊತ್ತು ಮಾತ್ರ ಬೇರೆ ಬೇರೆ, ಯಾಕೆ ಇರಬಹುದು ಮಕ್ಕಳೇ ಎಂದು ಕೇಳಿದಿರಿ. ಅದು ಎಂಥ ಒಳ್ಳೆಯ ಪ್ರಶ್ನೆ ಎಂದು ಈಗ ಅನ್ನಿಸುತ್ತದೆ. ಮಕ್ಕಳು ಯೋಚಿಸುವಷ್ಟು ಹೊತ್ತಾದರೂ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು.

ನಾನು ಕ್ಯಾಮೆರಾದ ಮುಂದೆ ಮುಖ ತಂದೆ. ಮೂವತ್ತನಾಲ್ಕು ವರ್ಷ ರೈಲ್ವೆಯಲ್ಲಿ ಇದೇ ಕೆಲಸ ಮಾಡಿದವಳು ನಾನು, ಶ್ರೀಯಾ ಬರೆದದ್ದೇ ಸರಿ, ಆ ಮಗು ಎಲ್ಲೋ ತಪ್ಪು ನೋಡಿರಬೇಕು ಎಂದೆ. ಇಂಗ್ಲಿಷಿನಲ್ಲಿ ಒಂದು ಸಲ, ತಮಿಳಿನಲ್ಲಿ ಒಂದು ಸಲ. ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ನೀವು ಪರವಾಗಿಲ್ಲ ಮೌನ, ಇನ್ನೊಂದು ಸಲ ನೋಡೋಣ ಎಂದು ಸಮಾಧಾನ ಮಾಡುತ್ತಿದ್ದಿರಿ. ಅಷ್ಟರಲ್ಲಿ ಆ ಮಗು ರಬ್ಬರ್ ತೆಗೆದುಕೊಂಡು ಎಲ್ಲರೂ ನೋಡುತ್ತಿರುವಾಗಲೇ ತನ್ನ ಪುಟ ಅಳಿಸತೊಡಗಿತು. ಕಾಗದ ಹರಿಯುವವರೆಗೂ ಉಜ್ಜಿತು. ನೀವು ಬೇಡ ಬೇಡ ಎನ್ನುತ್ತಿದ್ದಂತೆ ಪರದೆಯ ಮೇಲಿನ ಅವಳ ಚೌಕ ಕಪ್ಪಾಯಿತು. ಚಪ್ಪಾಳೆ ನಮಗೆ ಬಂತು, ಬಂದದ್ದು ಅಷ್ಟು ಜೋರಾಗಿರಲಿಲ್ಲ.

ಅವತ್ತು ಮಧ್ಯಾಹ್ನ ಶ್ರೀಯಾ ಊಟಕ್ಕೆ ಬರಲಿಲ್ಲ. ಸೋಮವಾರ ನೀವು ಹೂವಿನ ಬಗ್ಗೆ ಐದು ಸಾಲು ಬರೆಯಲು ಹೇಳಿದಿರಿ. ಅವಳು ಪುಸ್ತಕವನ್ನು ನನ್ನ ಮುಂದೆ ತಂದಿಟ್ಟು, ನೀಯೇ ಎಳುದು ಎಂದಳು, ನೀನೇ ಬರಿ ಎಂದು. ಸಿಟ್ಟಿನಿಂದ ಅಂದಿದ್ದರೆ ನಾನೂ ಎರಡು ಬೈದು ಸುಮ್ಮನಾಗುತ್ತಿದ್ದೆ. ಅಂಗಡಿಯಲ್ಲಿ ಬದಲಾಯಿಸಿಕೊಡಿ ಎಂದು ಸಾಮಾನು ವಾಪಸ್ ಕೊಡುವವರ ಹಾಗೆ ಮೆತ್ತಗೆ ಅಂದಳು. ಮಂಗಳವಾರವೂ ಅದೇ, ನಿನ್ನೆಯೂ ಅದೇ. ಈ ವಾರ ನಮ್ಮಿಂದ ನಿಮಗೆ ಒಂದು ಫೋಟೋವೂ ಬಂದಿಲ್ಲ, ನೀವು ಗಮನಿಸಿರುತ್ತೀರಿ. ಹುಷಾರಿಲ್ಲ ಎಂದು ಪ್ರೇರಣಾ ಮೆಸೇಜು ಹಾಕಿದಳು, ಅದೂ ನಾನು ಹೇಳಿ ಹಾಕಿಸಿದ್ದು. ಮಗು ಹುಷಾರಾಗಿಯೇ ಇದೆ. ಬರೆಯುವುದನ್ನು ಬಿಟ್ಟಿದ್ದಾಳೆ, ಅಷ್ಟೇ. ಮೌನಳ ಚೌಕದಲ್ಲೂ ಈ ವಾರವೆಲ್ಲ ಮುಖ ಇಲ್ಲ, ಹೆಸರಿನ ಮೊದಲ ಅಕ್ಷರ ಮಾತ್ರ. ನನ್ನಿಂದ ಇಬ್ಬರು ಮಕ್ಕಳು ಪೆನ್ಸಿಲ್ ಕೆಳಗಿಟ್ಟಿದ್ದಾರೆ. ಈ ಕಾಗದ ಬರೆಸುತ್ತಿರುವುದು ಅದೇ.

ಭಾನುವಾರ ಅವಳು ಮಲಗಿದ್ದಾಗ ಕಿಟಕಿಯ ಪುಸ್ತಕ ತೆಗೆದೆ. ಅಳಿಸಿದ್ದೇನೋ ಅಳಿಸಿದೆ, ಆ ಪಕ್ಕದ ಮಾತುಗಳಲ್ಲಿ ಏನಿತ್ತು ಎಂಬುದೇ ನೆನಪಿಗೆ ಬರಲೊಲ್ಲದು. ಓದದೆಯೇ ಉಜ್ಜಿದ್ದೆ. ಶ್ರೀಯಾ ಪೆನ್ಸಿಲನ್ನು ಒತ್ತಿ ಬರೆಯುವವಳು, ಕೆಳಗಿನ ಹಾಳೆಯಲ್ಲಿ ಅಚ್ಚು ಬಿದ್ದಿತ್ತು. ಆ ಹಾಳೆಯ ಮೇಲೆ ಪೆನ್ಸಿಲ್ ಅಡ್ಡ ಹಿಡಿದು ಮೆಲ್ಲಗೆ ಮಸಿ ಸವರಿದೆ. ಕಪ್ಪಿನ ನಡುವೆ ಬಿಳಿ ಅಕ್ಷರಗಳು ಒಂದೊಂದಾಗಿ ಎದ್ದವು. ನನ್ನ ಅಂಕಿಗಳೂ ಅಲ್ಲಲ್ಲಿ ಮೇಲೆ ಬಿದ್ದಿದ್ದವು, ಆದರೆ ನಾನು ಬರೆದದ್ದು ಎಡಗೈಯಲ್ಲಿ, ಒತ್ತು ಕಡಿಮೆ. ಅವಳದೇ ಗಟ್ಟಿ. ಎಂಟು ಹತ್ತರ ಪಕ್ಕ, ಗಾಡಿ ತುಂಬ ಖಾಲಿ ಎಂದಿತ್ತು. ಎಂಟು ಐವತ್ತಕ್ಕೆ, ಒಬ್ಬರು ಆಂಟಿ ನಿಂತೇ ನಿದ್ದೆ ಮಾಡುತ್ತಿದ್ದಾರೆ. ಒಂಬತ್ತು ಮೂವತ್ತಕ್ಕೆ, ಗಾರ್ಡ್ ಅಂಕಲ್ ಟಾಟಾ ಎಂದಿತ್ತು. ಅದು ಐದು ದಿನವೂ ಇತ್ತು.

ಗಾರ್ಡ್ ಕೆಲಸದ ಮೇಲಿರುವಾಗ ಟಾಟಾ ಮಾಡುತ್ತಾನೆಯೇ? ನನ್ನ ಅನುಭವ ಇಲ್ಲ ಎಂದಿತು. ಕಟ್ಟುಕಥೆ ಎಂದು ತಳ್ಳಿಹಾಕುವ ಹಾಗೂ ಇಲ್ಲ, ಕಟ್ಟುಕಥೆಯಾದರೆ ದಿನಕ್ಕೊಂದು ಬಗೆ ಇರುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಭಾನುವಾರದ ಓಡಾಟವೇ ಬೇರೆ, ಅದನ್ನು ನೋಡಿ ಉಪಯೋಗವಿಲ್ಲ. ಸೋಮವಾರ ಎಂಟಕ್ಕೆ ಮುಂಚೆ ಗಡಿಯಾರ, ಛತ್ರಿ, ಒಂದು ಹಳೆಯ ಡೈರಿ ಹಿಡಿದು ತಾರಸಿ ಹತ್ತಿದೆ. ಮನೆಯ ಕಿಟಕಿಯಲ್ಲಿ ಕೂರಲು ಮುಖವಿರಲಿಲ್ಲ, ಅದು ಅವಳ ಜಾಗ. ಅಲ್ಲಿ ಸಂಡಿಗೆ ಒಣಗಿಸುತ್ತಿದ್ದ ಮೇಲಿನ ಮನೆಯವರು, ಏನ್ ಮಾಮಿ ಇಷ್ಟು ಬೆಳಿಗ್ಗೆ ಎಂದು ಕೇಳಿದರು. ರೈಲು ನೋಡೋಕೆ ಎಂದೆ.

ಎಂಟು ನಾಲ್ಕಕ್ಕೆ ಗಾಡಿ ಇಲ್ಲ. ಎಂಟು ಒಂಬತ್ತಕ್ಕೆ ಬಂತು. ಎಂಟು ಹತ್ತೊಂಬತ್ತು, ಎಂಟು ಮೂವತ್ತಾರು, ಎರಡಕ್ಕೂ ಹಳಿ ಖಾಲಿ. ಎಂಟು ಐವತ್ತೊಂದಕ್ಕೆ ಬಂತು. ಮುಳ್ಳನ್ನು ಐದೈದು ನಿಮಿಷದ ಗೆರೆಗೆ ಓದಲು ಈಗಷ್ಟೇ ಕಲಿತ ಮಗು ಅದನ್ನು ಐವತ್ತು ಎಂದಲ್ಲದೆ ಇನ್ನೇನೆಂದು ಬರೆಯಬೇಕು. ಒಂದು ದಿನದ್ದು ಸಾಲದು ಎಂದು ಮಂಗಳವಾರವೂ ಹೋದೆ, ಬುಧವಾರವೂ ಹೋದೆ. ಮೂರು ದಿನವೂ ಶ್ರೀಯಾಳ ಪಟ್ಟಿಯೇ ಸರಿ. ಮೌನಳದೂ ಸರಿ. ಬಾಯಿಪಾಠದ್ದು ಒಂದೂ ಸರಿಯಿಲ್ಲ.

ಒಂಬತ್ತು ಮೂವತ್ತರ ಗಾಡಿಯ ವಿಷಯ ಹೇಳಬೇಕು. ಸೋಮವಾರ ಅದು ಬಂದಾಗ ನಾನು ಕೊನೆಯ ಡಬ್ಬಿಯ ಕಡೆಯೇ ನೋಡುತ್ತಿದ್ದೆ. ಗಾರ್ಡ್ ಬಾಗಿಲಲ್ಲಿ ನಿಂತಿದ್ದ. ನಮ್ಮ ಕಟ್ಟಡದ ಹತ್ತಿರ ಬಂದಾಗ ಕೈ ಎತ್ತಿ ಬೀಸಿದ. ಒಂದು ಗಳಿಗೆ ನನಗೇ ಬೀಸಿದ ಎಂದುಕೊಂಡೆ, ನೋಡಿ, ಬುದ್ಧಿ ಎಲ್ಲಿ ಹೋಗುತ್ತದೆ. ಆಮೇಲೆ ಗೋಡೆಯ ಮೇಲಿನಿಂದ ಬಗ್ಗಿ ಕೆಳಗೆ ನೋಡಿದೆ. ನಮ್ಮ ಕಿಟಕಿಯ ಸರಳುಗಳ ನಡುವಿನಿಂದ ಒಂದು ಪುಟ್ಟ ಕೈ ಹೊರಗೆ ಬಂದು, ಗಾಡಿ ಕಾಣದಾಗುವವರೆಗೂ ಬೀಸುತ್ತಿತ್ತು. ಬರೆಯುವುದನ್ನು ಬಿಟ್ಟ ಮಗು ನೋಡುವುದನ್ನು ಬಿಟ್ಟಿರಲಿಲ್ಲ. ಒಂದೂವರೆ ವರ್ಷ ಮನೆಯೊಳಗೇ ಇರುವ ಹುಡುಗಿ ಹೊರಗಿನವರೊಬ್ಬರನ್ನು ಗೆಳೆಯನನ್ನಾಗಿ ಮಾಡಿಕೊಂಡು, ಅದನ್ನು ನಿಮಗೆ ಹೇಳಬೇಕೆಂದು ಐದು ಸಲ ಬರೆದಿದ್ದಳು. ನಾನು ಐದು ಸಲವೂ ಅಳಿಸಿದ್ದೆ.

ನಿನ್ನೆ ನಾನು ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದಾಗ ಶ್ರೀಯಾ ಮೆಟ್ಟಿಲು ಹತ್ತಿ ಮೇಲೆ ಬಂದಳು. ಛತ್ರಿಯ ನೆರಳಿಗೆ ಬಂದು ನನ್ನ ಪಟ್ಟಿ ನೋಡಿದಳು. ಯಾಕೆ ಪೆನ್ನಿನಲ್ಲಿ ಬರೆಯುತ್ತಿದ್ದೀಯ ಎಂದು ಕೇಳಿದಳು. ಪೆನ್ಸಿಲ್ ಹಿಡಿಯಲು ನಾಚಿಕೆ ಕಣೇ ಎಂದೆ. ನೀನು ಬರೆದದ್ದೆಲ್ಲ ಸರಿಯಾಗಿತ್ತು ಪುಟ್ಟಿ, ನಾನು ನೋಡದೆಯೇ ಅಳಿಸಿದೆ, ತಪ್ಪು ನನ್ನದು ಎಂದೆ. ಅಪ್ಪೋ ಮೌನ, ಎಂದು ಕೇಳಿದಳು, ಹಾಗಾದರೆ ಮೌನಳ ಗತಿ ಏನು ಎಂದು.

ಅವಳ ಆ ಪ್ರಶ್ನೆಗೆ ಉತ್ತರ ಯೋಚಿಸಿ ಈಗ ಬರೆಯುತ್ತಿದ್ದೇನೆ. ನಾಡಿದ್ದು ಶನಿವಾರ ನನಗೆ ಎರಡು ನಿಮಿಷ ಕೊಡಿ. ಯಾರ ಮುಂದೆ ಆ ಮಗುವಿನದು ತಪ್ಪು ಎಂದೆನೋ ಅವರೆಲ್ಲರ ಮುಂದೆ, ಮೌನ ನೋಡಿದ್ದೇ ಸರಿ, ಈ ಅಜ್ಜಿ ನೋಡದೆ ಮಾತಾಡಿದಳು ಎಂದು ಹೇಳುತ್ತೇನೆ. ಎಲೆಯನ್ನು ಬರೆದವರು ಯಾರು ಎಂಬುದನ್ನೂ ಹೇಳುತ್ತೇನೆ. ಆ ಹೊತ್ತು ಮೌನ ಪರದೆಯ ಮುಂದೆ ಇರುವಂತೆ ನೀವು ಅವಳ ಅಮ್ಮನಿಗೆ ಒಂದು ಮಾತು ಹೇಳಿ. ಅವಳು ಮುಖ ತೋರಿಸದಿದ್ದರೂ ಕೇಳಿಸಿಕೊಂಡರೆ ಸಾಕು.

ಫ್ರಿಜ್ ಮೇಲಿನ ಮೂರು ನಕ್ಷತ್ರಗಳನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ಕೀಳುವಾಗ ಒಂದರ ಮೂಲೆ ಹರಿಯಿತು, ಕ್ಷಮಿಸಿ. ಜೊತೆಗೆ ಮಸಿ ಸವರಿದ ಆ ಹಾಳೆಯೂ ಇದೆ. ಅದರಲ್ಲಿ ಬಿಳಿಯಾಗಿ ಕಾಣುವುದು ಶ್ರೀಯಾಳ ಕೆಲಸ. ನೀವು ಚಪ್ಪಾಳೆ ತಟ್ಟಿಸಲೇಬೇಕು ಎಂದು ನಾನು ಹೇಳುವುದಿಲ್ಲ. ನೀವು ಒಮ್ಮೆ ನೋಡಿದರೆ ಸಾಕು. ಕಳಿಸಲೇ ಎಂದು ಅವಳನ್ನು ಕೇಳಿಯೇ ಇಟ್ಟಿದ್ದೇನೆ. ಅವಳು ಆ ಹಾಳೆಯ ಮೂಲೆಯಲ್ಲಿ ತನ್ನ ಹೆಸರು ಬರೆದು ಕೊಟ್ಟಳು. ಈ ವಾರ ಅವಳು ಬರೆದದ್ದು ಅದೊಂದೇ.

ನನ್ನ ಮೇಲೆ ಬೇಸರವಿದ್ದರೆ ಬೈಯಿರಿ, ಕನ್ನಡದಲ್ಲೇ ಬೈಯಿರಿ. ಮಗುವಿನ ಮೇಲೆ ಮಾತ್ರ ಬೇಡ. ಮೇಜಿನ ಮೇಲ್ವಿಚಾರಣೆ ಇನ್ನು ಮುಂದೆ ಅವಳ ತಾತನದು. ನಾನು ಅಡುಗೆಮನೆಯಲ್ಲಿರುತ್ತೇನೆ. ಅಲ್ಲಿ ರಬ್ಬರ್ ಇಲ್ಲ.

ನಿಮ್ಮನ್ನು ಗೌರವಿಸುವ,
ಸುಮತಿ
(ಶ್ರೀಯಾಳ ಅಜ್ಜಿ)

ಮರೆತದ್ದು: ಮರೆತದ್ದಲ್ಲ, ಬಿಟ್ಟದ್ದು. ಲಕೋಟೆ ಅಂಟಿಸುವ ಮೊದಲು ಈ ಕಾಗದವನ್ನು ಶ್ರೀಯಾಳಿಗೆ ಪೂರ್ತಿ ಓದಿ ಹೇಳಿದೆ. ಎಲ್ಲ ಕೇಳಿ, ಅಜ್ಜಿ, ಹನ್ನೊಂದು ಮೂವತ್ತರ ಗಾಡಿ ಎಲ್ಲಿ ಎಂದು ಕೇಳಿದಳು. ಎಳ್ಳಷ್ಟೂ ಸಂಶಯವಿರಲಿಲ್ಲ ಎಂದು ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು ಟೀಚರ್. ಶನಿವಾರ ನಾನು ನಿಮ್ಮೆಲ್ಲರ ಮುಂದೆ ಮಾತಾಡಿ ಮುಗಿಸುತ್ತಿದ್ದಾಗ ದೂರದಲ್ಲಿ ಗಾಡಿಯ ಸದ್ದು ಕೇಳಿಸಿತು. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಮೂವತ್ತು, ಮೌನ ಬರೆದಿದ್ದ ಹೊತ್ತೇ. ನನ್ನ ಪಟ್ಟಿಯಲ್ಲಿ ಆ ಹೊತ್ತಿಗೆ ಗಾಡಿಯೇ ಇರಲಿಲ್ಲ. ಸದ್ದು ನಿಮಗೆ ಕೇಳಿಸಬಾರದೆಂದು ನಾನು ಕೈ ಚಾಚಿ ಮೈಕ್ ನಿಲ್ಲಿಸಿದೆ. ಗಾಡಿ ನಮ್ಮ ಕಿಟಕಿಯ ಮುಂದೆ ಪೂರ್ತಿ ಹೋಗುವವರೆಗೂ ಕಾದೆ. ಪರದೆಯ ಮೇಲೆ ಮೌನ ಪುಟ ಅಳಿಸುತ್ತಿದ್ದಳು. ಶ್ರೀಯಾ ಗಾಡಿಯನ್ನು ನೋಡಲಿಲ್ಲ, ನನ್ನ ಬೆರಳನ್ನು ನೋಡುತ್ತಿದ್ದಳು. ಇದನ್ನೂ ಕ್ಲಾಸಿನ ಮುಂದೆ ಹೇಳಬೇಕಾ ಪುಟ್ಟಿ ಎಂದು ಈಗ ಕೇಳಿದೆ. ಹೇಳಬೇಕು ಎಂದಳು, ಕನ್ನಡದಲ್ಲೇ ಹೇಳಿದಳು. ಹೇಳುತ್ತೇನೆ.